ನಕ್ಷೆಯ ಬಣ್ಣ ಬದಲಾಗುವ ಮುನ್ನ

ದಿನಪತ್ರಿಕೆಗಳ ಒಳಪುಟಗಳಲ್ಲಿ, ಟೆಂಡರ್ ಪ್ರಕಟಣೆಗಳ ನಡುವೆ, ಸಣ್ಣ ಅಕ್ಷರದ ಒಂದು ಸಾರ್ವಜನಿಕ ಪ್ರಕಟಣೆ ಆಗಾಗ ಕಾಣಿಸಿಕೊಳ್ಳುತ್ತದೆ. ಇಂತಹ ಹೋಬಳಿಯ ಇಂತಹ ಗ್ರಾಮದ ಇಷ್ಟು ಸರ್ವೆ ನಂಬರುಗಳಲ್ಲಿನ ಇಷ್ಟು ಎಕರೆ, ಇಷ್ಟು ಗುಂಟೆ ಜಮೀನನ್ನು ವಸತಿ ಅಥವಾ ಕೃಷಿ ಬಳಕೆಯಿಂದ ಕೈಗಾರಿಕಾ ಬಳಕೆಗೆ ಬದಲಾಯಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂಬುದು ಅದರ ಒಕ್ಕಣೆ. ಅದನ್ನು ಓದುವವರು ವಿರಳ. ಆ ಸರ್ವೆ ನಂಬರು ತಮ್ಮ ಬಡಾವಣೆಯ ಹಿಂದಿನ ತೆಂಗಿನ ತೋಟದ್ದೇ ಎಂದು ಗುರುತಿಸುವವರು ಇನ್ನೂ ವಿರಳ. ನಿವಾಸಿಗಳಿಗೆ ವಿಷಯ ತಿಳಿಯುವುದು ತೋಟದಲ್ಲಿ ಜೆಸಿಬಿ ಬಂದು ನಿಂತಾಗ. ಆ ಬಳಿಕ ಸಭೆ, ಮನವಿಪತ್ರ, ಧರಣಿ, ಕೊನೆಗೆ ಹೈಕೋರ್ಟು. ಅಷ್ಟರಲ್ಲಿ ಉದ್ಯಮಿ ಸಾಲ ಮಾಡಿ ಹಣ ಹೂಡಿರುತ್ತಾನೆ, ಸರ್ಕಾರ ಮಾತು ಕೊಟ್ಟಿರುತ್ತದೆ. ಯಾರೂ ಹಿಂದೆ ಸರಿಯಲಾರದ ಸ್ಥಿತಿಯಲ್ಲಿ ಚರ್ಚೆ ಆರಂಭವಾಗುತ್ತದೆ.

ಮನೆಗಳ ಪಕ್ಕ ಕೈಗಾರಿಕಾ ವಲಯ ಬರುವುದನ್ನು ವಿರೋಧಿಸುವ ನಾಗರಿಕರನ್ನು ‘ಅಭಿವೃದ್ಧಿ ವಿರೋಧಿಗಳು’ ಎಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಅವರ ಎಲ್ಲ ಆಕ್ಷೇಪಣೆಗಳೂ ಸರಿ ಎಂದು ನಾನು ವಾದಿಸುವುದಿಲ್ಲ. ಆದರೆ ಅವುಗಳಿಗೆ ಉತ್ತರ ಕೊಡಬೇಕಾದುದು ಸರ್ಕಾರದ ಕರ್ತವ್ಯ; ಮತ್ತು ಆ ಉತ್ತರ ಬರಬೇಕಾದುದು ನಕ್ಷೆಯ ಮೇಲೆ ಬಣ್ಣ ಬದಲಾಗುವ ಮುನ್ನ, ಆಮೇಲಲ್ಲ. ಈ ಮಾತನ್ನು ಹೇಳಲು ನನಗೆ ಸ್ವಂತ ಕಾರಣವೊಂದಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ, ಜಿಲ್ಲಾ ಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದಾಗ ಇಂತಹದೇ ಕಡತವೊಂದು ನನ್ನ ಮೇಜಿಗೆ ಬಂದಿತ್ತು. ಊರಂಚಿನ ಹನ್ನೊಂದು ಎಕರೆ ಜಮೀನನ್ನು ಕೈಗಾರಿಕಾ ಬಳಕೆಗೆ ಬದಲಾಯಿಸುವ ಪ್ರಸ್ತಾವ. ಬರಲಿದ್ದುದು ನೂಲಿಗೆ ಬಣ್ಣ ಹಾಕುವ ಘಟಕ. ಆಕ್ಷೇಪಣೆಯ ನಲವತ್ತಕ್ಕೂ ಹೆಚ್ಚು ಪತ್ರಗಳು ಕಡತದಲ್ಲಿದ್ದವು. ಬಹುತೇಕ ಎಲ್ಲವೂ ಒಂದೇ ಮಾದರಿಯವು, ಸಹಿ ಮಾತ್ರ ಬೇರೆ. ಒಂದು ಪತ್ರ ಹಾಗಿರಲಿಲ್ಲ. ಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದ ಅದರಲ್ಲಿ ಇದ್ದುದು ಒಂದೇ ಪ್ರಶ್ನೆ: ಆ ಜಮೀನು ಎತ್ತರದಲ್ಲಿದೆ, ನಮ್ಮ ಬೀದಿಯವರೆಲ್ಲ ನೀರು ಸೇದುವ ಬಾವಿ ಅದರ ಇಳಿಜಾರಿನಲ್ಲಿದೆ, ಬಣ್ಣದ ನೀರು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಸ್ಥಳಕ್ಕೆ ಬಂದು ನೋಡಿದ್ದೀರಾ?

ಯಾರೂ ನೋಡಿರಲಿಲ್ಲ. ನಾನೂ ನೋಡಲಿಲ್ಲ. ‘ಆಕ್ಷೇಪಣೆಗಳನ್ನು ಪರಿಶೀಲಿಸಲಾಗಿದೆ. ಅವು ಸಾಮಾನ್ಯ ಸ್ವರೂಪದವಾಗಿದ್ದು ಪುರಸ್ಕರಿಸಲು ಕಾರಣಗಳು ಕಂಡುಬರುವುದಿಲ್ಲ’ ಎಂದು ವಿಷಯ ನಿರ್ವಾಹಕರು ಸಿದ್ಧಪಡಿಸಿದ್ದ ಟಿಪ್ಪಣಿಗೆ ಸಹಿ ಹಾಕಿ ಮೇಲಕ್ಕೆ ಕಳುಹಿಸಿದೆ. ಏಳೆಂಟು ವರ್ಷಗಳ ನಂತರ ಬೇರೊಂದು ಹುದ್ದೆಯಲ್ಲಿ ಅದೇ ಊರಿಗೆ ಹೋದಾಗ, ಅದೇ ಬೀದಿಗೆ ಟ್ಯಾಂಕರಿನಲ್ಲಿ ನೀರು ಪೂರೈಸಿದ ಬಿಲ್ಲುಗಳನ್ನು ಮಂಜೂರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬಾವಿ ಕೆಟ್ಟದ್ದು ಆ ಘಟಕದಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಮೊದಲೇ ನೀರನ್ನು ಪರೀಕ್ಷಿಸಿ ದಾಖಲಿಸಿದ್ದರೆ ಹೇಳಬಹುದಾಗಿತ್ತು. ಆ ಶಿಕ್ಷಕಿ ಕೇಳಿದ್ದು ಅಷ್ಟನ್ನೇ.

ಕಾನೂನಿನಲ್ಲಿ ಅವಕಾಶವಿರಲಿಲ್ಲ ಎನ್ನುವಂತಿಲ್ಲ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 1991ರಲ್ಲಿ ಸೇರಿಸಲಾದ 14ಎ ಪ್ರಕರಣವು ಮಹಾಯೋಜನೆಯಲ್ಲಿ ಗೊತ್ತುಪಡಿಸಿದ ಭೂ ಬಳಕೆಯನ್ನು ಬದಲಾಯಿಸಲು ಷರತ್ತುಗಳನ್ನು ವಿಧಿಸಿತು. ಬದಲಾವಣೆ ಸಾರ್ವಜನಿಕ ಹಿತಾಸಕ್ತಿಯಿಂದ ಕೂಡಿರಬೇಕು. ಈ ಕಾಯ್ದೆಯನ್ನಾಗಲಿ ಇತರ ಕಾನೂನುಗಳನ್ನಾಗಲಿ ಉಲ್ಲಂಘಿಸಬಾರದು. ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವುಳ್ಳ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಷರತ್ತುಗಳು ಸರಳವಾಗಿವೆ, ಸ್ಪಷ್ಟವಾಗಿವೆ. ಆದರೆ ‘ಆಹ್ವಾನಿಸಬೇಕು’ ಎಂಬುದು ‘ಉತ್ತರಿಸಬೇಕು’ ಎಂದಾಗದಿದ್ದರೆ ಇಡೀ ವ್ಯವಸ್ಥೆ ಅಂಚೆ ಸ್ವೀಕರಿಸುವ ಕೆಲಸವಾಗಿ ಉಳಿಯುತ್ತದೆ.

ನ್ಯಾಯಾಲಯಗಳು ಈ ವಿಚಾರದಲ್ಲಿ ನಿವಾಸಿಗಳ ಕೈಬಿಟ್ಟಿಲ್ಲ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆಯ ರದ್ದತಿಯನ್ನು ಎತ್ತಿಹಿಡಿಯಿತು. ಬಡಾವಣೆಯ ಯೋಜನೆಯನ್ನು ಮುರಿದಾಗ ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು. ನಕ್ಷೆ ಎಂದರೆ ಸರ್ಕಾರವು ನಾಗರಿಕರಿಗೆ ಕೊಟ್ಟ ಮಾತು. ಅದನ್ನು ನಂಬಿ ಜನ ಜೀವಮಾನದ ಉಳಿತಾಯವನ್ನು ಒಂದು ನಿವೇಶನಕ್ಕೆ ಹಾಕುತ್ತಾರೆ.

ಹಾಗಾದರೆ ಭೂ ಬಳಕೆ ಬದಲಾವಣೆಯ ಹಂತಕ್ಕೇ ಇಷ್ಟು ಮಹತ್ವವೇಕೆ? ಮುಂದೆ ಪ್ರತಿಯೊಂದು ಕಾರ್ಖಾನೆಗೂ ಪರವಾನಗಿ ಬೇಕಲ್ಲವೇ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆಯಲ್ಲವೇ ಎಂದು ಕೇಳಬಹುದು. ಮಂಡಳಿ ಇದೆ, ನಿಜ. ಆದರೆ ನೆರೆಯವರಿಗೆ ಮಾತನಾಡಲು ಇರುವ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತ ಹೋಗುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 3ನೇ ಪ್ರಕರಣದ ಪ್ರಕಾರ ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಯಾವುದೇ ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸಬಹುದು. ಭೂಸ್ವಾಧೀನಕ್ಕೆ ಸಂಬಂಧಿಸಿದ 28ನೇ ಪ್ರಕರಣದಲ್ಲಿ ಆಕ್ಷೇಪಣೆ ಕೇಳುವ ಅವಕಾಶವಿದೆ. ಆದರೆ ಅದು ಮುಖ್ಯವಾಗಿ ಜಮೀನು ಕಳೆದುಕೊಳ್ಳುವವರಿಗೆ. ಬೇಲಿಯ ಈಚೆಗಿರುವವನ ಒಂದು ಗುಂಟೆಯೂ ಹೋಗುವುದಿಲ್ಲವಾದ್ದರಿಂದ ಅವನಿಗೆ ನೋಟಿಸೂ ಇಲ್ಲ.

ಇನ್ನು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ. ದೊಡ್ಡ ಉದ್ಯಮಗಳಿಗೆ ಅದು ಸಾರ್ವಜನಿಕ ಅಹವಾಲು ಸಭೆಯನ್ನು ವಿಧಿಸಿತು. ಆದರೆ ಅನುಮೋದಿತ ಕೈಗಾರಿಕಾ ಎಸ್ಟೇಟುಗಳೊಳಗೆ ಬರುವ ಘಟಕಗಳನ್ನು ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ಇಡೀ ಎಸ್ಟೇಟಿಗೆ ಒಪ್ಪಿಗೆ ಕೊಡುವಾಗಲೇ ಜನರ ಮಾತನ್ನು ಕೇಳಿದ್ದರೆ ಪ್ರತಿ ಘಟಕಕ್ಕೂ ಮತ್ತೆ ಕೇಳಬೇಕಿಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕ ಒಪ್ಪತಕ್ಕದ್ದೇ. ಆದರೆ ಮೊದಲ ಹಂತದಲ್ಲಿ ಕೇಳುವುದು ಬರೀ ಶಾಸ್ತ್ರವಾದರೆ ನಂತರದ ಹಂತಗಳಲ್ಲಿ ಕೇಳುವವರೇ ಇರುವುದಿಲ್ಲ. ಆದ್ದರಿಂದಲೇ ಬಣ್ಣ ಬದಲಾಗುವ ಆ 15 ದಿನಗಳು ನಿರ್ಣಾಯಕ.

ಬಣ್ಣದ ಮಾತಿನಲ್ಲಿ ಇನ್ನೊಂದು ತೊಡಕಿದೆ. ಮಹಾಯೋಜನೆಯ ನಕ್ಷೆಯಲ್ಲಿ ವಸತಿ ವಲಯ ಹಳದಿ, ಕೈಗಾರಿಕಾ ವಲಯ ನೇರಳೆ. ಆ ನೇರಳೆಯೊಳಗೆ ಬಿಸ್ಕತ್ತಿನ ಕಾರ್ಖಾನೆ ಬಂದೀತೇ, ರಾಸಾಯನಿಕ ಘಟಕ ಬಂದೀತೇ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರಲ್ಲಿ ಉದ್ಯಮಗಳನ್ನು ಮಾಲಿನ್ಯ ಸೂಚ್ಯಂಕದ ಆಧಾರದಲ್ಲಿ ವಿಂಗಡಿಸಿತು: 60 ಮತ್ತು ಅದಕ್ಕೂ ಹೆಚ್ಚಿದ್ದರೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರ ವರೆಗೆ ಬಿಳಿ. ಬಿಳಿ ಪಟ್ಟಿಯ ಉದ್ಯಮದ ಪಕ್ಕ ಮನೆ ಇದ್ದರೆ ಹೆಚ್ಚೇನೂ ಬಾಧಕವಿಲ್ಲ. ಕೆಂಪು ಪಟ್ಟಿಯದಾದರೆ ಮಾತೇ ಬೇರೆ. ಯಾವ ವರ್ಗದ ಉದ್ಯಮ ಬರುತ್ತದೆಂದು ತಿಳಿಸದೆ ಆಕ್ಷೇಪಣೆ ಕೇಳಿದರೆ ಜನ ಕೆಟ್ಟದ್ದನ್ನೇ ಊಹಿಸಿಕೊಂಡು ವಿರೋಧಿಸುತ್ತಾರೆ. ಅದು ಅವರ ತಪ್ಪಲ್ಲ.

ಈಗ ಇನ್ನೊಂದು ಪಕ್ಷದ ಮಾತು. ಬೆಂಗಳೂರಿನ ಮಧ್ಯಮ ವರ್ಗವನ್ನು ಬಹುಮಟ್ಟಿಗೆ ಕಟ್ಟಿದ್ದೇ ಕಾರ್ಖಾನೆಗಳು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಇಲ್ಲದ ಬೆಂಗಳೂರನ್ನು ಊಹಿಸಿಕೊಳ್ಳುವುದು ಕಷ್ಟ. ರಾಜಾಜಿನಗರದ ಒಂದು ಭಾಗಕ್ಕೆ ‘ಇಂಡಸ್ಟ್ರಿಯಲ್ ಟೌನ್’ ಎಂಬ ಹೆಸರು ಇಂದಿಗೂ ಉಳಿದಿದೆ. ಬೆಳಗಿನ ಪಾಳಿಯ ಸೈರನ್ ಕೇಳಿ ಎದ್ದ ತಂದೆಯ ಸಂಬಳದಲ್ಲಿ ಓದಿದ ಮಕ್ಕಳು ಇಂದು ಕಾರ್ಖಾನೆಯೆಂದರೆ ಮೂಗು ಮುರಿಯುವುದು ಅಷ್ಟೇನೂ ಶೋಭೆಯಲ್ಲ. ಕೃಷಿಯಿಂದ ಹೊರಬರುತ್ತಿರುವ ಯುವಕರೆಲ್ಲರಿಗೂ ಸಾಫ್ಟ್‌ವೇರ್ ಕಂಪನಿಗಳು ಕೆಲಸ ಕೊಡಲಾರವು. ಉತ್ಪಾದನಾ ಕೈಗಾರಿಕೆ ಬೇಕು, ಅದಕ್ಕೆ ಜಾಗ ಬೇಕು, ಆ ಜಾಗ ಕಾರ್ಮಿಕರು ಬಸ್ಸಿನಲ್ಲಿ ತಲುಪುವಷ್ಟು ಹತ್ತಿರದಲ್ಲಿರಬೇಕು.

ತಡವಾಗಿ ಮಾಡುವ ತಿದ್ದುಪಡಿಗೆ ಕಾರ್ಮಿಕರೇ ಬೆಲೆ ತೆರುತ್ತಾರೆ ಎಂಬುದನ್ನೂ ಮರೆಯಬಾರದು. ದೆಹಲಿಯ ಮಹಾಯೋಜನೆಗೆ ವಿರುದ್ಧವಾಗಿ ನಗರದೊಳಗಿದ್ದ 168 ಅಪಾಯಕಾರಿ ಕೈಗಾರಿಕೆಗಳು ಜಾಗ ಖಾಲಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 1996ರ ಜುಲೈನಲ್ಲಿ ಆದೇಶಿಸಿತು. ಗಾಳಿಯ ದೃಷ್ಟಿಯಿಂದ ಆದೇಶ ಸರಿಯೇ ಇದ್ದೀತು. ಆದರೆ ಕೆಲಸ ಕಳೆದುಕೊಂಡ ಸಾವಿರಾರು ಕುಟುಂಬಗಳು ಆ ಕಾರ್ಖಾನೆಗಳಿಗೆ ಅಲ್ಲಿ ಇರಲು ಬಿಟ್ಟವರಲ್ಲ. ನಿಯಮವನ್ನು ಮುರಿಯಲು ಬಿಟ್ಟವರು ಒಬ್ಬರು, ಶಿಕ್ಷೆ ಅನುಭವಿಸಿದವರು ಇನ್ನೊಬ್ಬರು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಂಘರ್ಷ ಹೊಸದಲ್ಲ. ಉತ್ಪಾದಕನ ಲೆಕ್ಕದ ಪುಸ್ತಕದಲ್ಲಿ ಬಾರದ ವೆಚ್ಚವನ್ನು ನೆರೆಯವರು ಹೊರುತ್ತಾರೆಂದು ಪಿಗೂ 1920ರಲ್ಲೇ ವಿವರಿಸಿದರು. ರೊನಾಲ್ಡ್ ಕೋಸ್ 1960ರಲ್ಲಿ ಅದಕ್ಕೊಂದು ತಿರುವು ಕೊಟ್ಟರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ 1879ರ ಲಂಡನ್ನಿನ ಒಂದು ಮೊಕದ್ದಮೆಯೂ ಇದೆ. ಮಿಠಾಯಿ ತಯಾರಕನ ಒರಳುಗಳು ವರ್ಷಗಟ್ಟಲೆಯಿಂದ ಸದ್ದು ಮಾಡುತ್ತಿದ್ದವು. ನೆರೆಯ ವೈದ್ಯ ಆ ಗೋಡೆಗೇ ಒತ್ತಿ ತನ್ನ ತಪಾಸಣಾ ಕೊಠಡಿ ಕಟ್ಟಿದ ಮೇಲೆ ಸದ್ದು ಉಪದ್ರವವಾಯಿತು. ತೊಂದರೆ ಎಂಬುದಕ್ಕೆ ಇಬ್ಬರು ಬೇಕು ಎಂಬುದು ಕೋಸ್ ಅವರ ವಾದದ ತಿರುಳು. ಚೌಕಾಸಿಗೆ ಖರ್ಚೇ ಇಲ್ಲದಿದ್ದರೆ ಇಬ್ಬರೂ ತಾವೇ ಕುಳಿತು ಬಗೆಹರಿಸಿಕೊಳ್ಳಬಲ್ಲರು ಎಂಬ ಅವರ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನಿಜ ಜೀವನದಲ್ಲಿ ಆ ಖರ್ಚು ಬಹಳ ಎಂಬ ಅವರದೇ ಮುಂದಿನ ಮಾತನ್ನು ಬಿಡುತ್ತಾರೆ. ಐನೂರು ಮನೆಗಳ ಬಡಾವಣೆಯು ಒಬ್ಬ ಭೂಮಾಲೀಕನೊಡನೆ ಚೌಕಾಸಿ ಮಾಡಲಾರದು. ಅದಕ್ಕಾಗಿಯೇ ಯೋಜನಾ ಪ್ರಾಧಿಕಾರವಿದೆ. ಬಣ್ಣ ಬದಲಾದ ಮರುದಿನ ಏರುವ ಜಮೀನಿನ ಬೆಲೆ ಒಬ್ಬನ ಜೇಬಿಗೆ, ಹೊಗೆ ಎಲ್ಲರ ಮನೆಗೆ ಎಂದಾದರೆ ಪ್ರಾಧಿಕಾರ ತನ್ನ ಕೆಲಸ ಮಾಡಿಲ್ಲವೆಂದೇ ಅರ್ಥ.

ಮನೆ ಮತ್ತು ಕಾರ್ಖಾನೆಯ ನಡುವಿನ ಅಂತರವನ್ನು ಲಘುವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಎರಡು ಪಾಠಗಳಿವೆ. 1975ರ ಭೋಪಾಲ್ ನಗರ ಯೋಜನೆಯು ಕೀಟನಾಶಕದಂತಹ ಅಪಾಯಕಾರಿ ಉದ್ಯಮಗಳಿಗೆ ಊರಾಚೆ ಪ್ರತ್ಯೇಕ ಜಾಗ ಗೊತ್ತುಮಾಡಿತ್ತು. ಯೂನಿಯನ್ ಕಾರ್ಬೈಡ್ ಇದ್ದಲ್ಲೇ ಉಳಿಯಿತು. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಮೊದಲು ನುಗ್ಗಿದ್ದು ಕಾರ್ಖಾನೆಯ ಗೋಡೆಗೆ ಎದುರಾಗಿದ್ದ ಬಡವರ ಬಸ್ತಿಗಳಿಗೆ. ಎರಡನೆಯದು ವಿಶಾಖಪಟ್ಟಣ. ಅಲ್ಲಿ 1961ರಲ್ಲಿ ಆರಂಭವಾದ ಕಾರ್ಖಾನೆಯ ಸುತ್ತ ಊರು ಬೆಳೆಯುತ್ತ ಹೋಯಿತು. 2020ರ ಮೇ 7ರ ನಸುಕಿನಲ್ಲಿ ಸ್ಟೈರೀನ್ ಸೋರಿ ಜನ ನಿದ್ದೆಯಲ್ಲೇ ಪ್ರಾಣ ಕಳೆದುಕೊಂಡರು. ಒಂದು ಕಡೆ ಕಾರ್ಖಾನೆಯನ್ನು ದೂರ ಇಡಲಿಲ್ಲ, ಇನ್ನೊಂದು ಕಡೆ ಮನೆಗಳನ್ನು ದೂರ ಇಡಲಿಲ್ಲ. ನಮ್ಮ ಬೆಂಗಳೂರಿನ ಪೀಣ್ಯವೂ ಈ ಮಾತಿಗೆ ಹೊರತಲ್ಲ. ಕೇಂದ್ರ ಮಂಡಳಿಯ 2009ರ ಮೌಲ್ಯಮಾಪನದಲ್ಲಿ ಅದು ತೀವ್ರ ಮಾಲಿನ್ಯದ ಪ್ರದೇಶಗಳ ಸಾಲಿನಲ್ಲಿತ್ತು. ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಇಂದು ಅದರ ಸುತ್ತಲೂ ಮನೆಗಳೇ.

ತಡವಾಗಿ ಕೇಳಿದರೆ ಸರ್ಕಾರಕ್ಕೂ ಉದ್ಯಮಕ್ಕೂ ಎಷ್ಟು ನಷ್ಟವೆಂಬುದನ್ನು ಇತ್ತೀಚಿನ ಎರಡು ಘಟನೆಗಳು ತೋರಿಸಿವೆ. ಕೊಪ್ಪಳ ಪಟ್ಟಣಕ್ಕೆ ಹೊಂದಿಕೊಂಡಂತೆ ಬೃಹತ್ ಉಕ್ಕಿನ ಕಾರ್ಖಾನೆ ಬರಲಿದೆಯೆಂದು ತಿಳಿದಾಗ, ಆಗಲೇ ಕಾರ್ಖಾನೆಗಳ ಬೂದಿಯಿಂದ ಬೇಸತ್ತಿದ್ದ ಜನ 2025ರ ಫೆಬ್ರುವರಿ 24ರಂದು ಪಟ್ಟಣವನ್ನೇ ಬಂದ್ ಮಾಡಿ ಗವಿಮಠದ ಸ್ವಾಮೀಜಿಯವರೊಂದಿಗೆ ಬೀದಿಗಿಳಿದರು. ಮುಂದಿನ ತಿಂಗಳು ಮುಖ್ಯಮಂತ್ರಿಗಳು ಕಾಮಗಾರಿ ನಿಲ್ಲಿಸುವಂತೆ ಸೂಚಿಸಬೇಕಾಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಮೀರಿ ಹೋರಾಡಿದ ಬಳಿಕ, 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿತು. ಮೂರು ವರ್ಷದ ನಂತರ ಒಪ್ಪಬಹುದಾದ ಮಾತನ್ನು ಮೊದಲ ಮೂರು ತಿಂಗಳಲ್ಲಿ ಕೇಳಲು ಅಡ್ಡಿ ಏನಿತ್ತು?

ಇಲ್ಲಿ ನಗರದ ನಿವಾಸಿಗಳ ಸಂಘಗಳಿಗೂ ಒಂದು ಮಾತು ಹೇಳಬೇಕು. ‘ನಮ್ಮ ಬಡಾವಣೆಯ ಪಕ್ಕ ಬೇಡ’ ಎನ್ನುವವರು ‘ಹಾಗಾದರೆ ಎಲ್ಲಿ?’ ಎಂಬ ಪ್ರಶ್ನೆಯನ್ನೂ ಎದುರಿಸಬೇಕು. ವಕೀಲರು, ನಿವೃತ್ತ ಅಧಿಕಾರಿಗಳು ಇರುವ ಸಂಘ ಹೈಕೋರ್ಟಿನಿಂದ ತಡೆಯಾಜ್ಞೆ ತಂದಾಗ, ಆ ಕಾರ್ಖಾನೆ ಸಂಘವೂ ಇಲ್ಲದ, ವಕೀಲನೂ ಇಲ್ಲದ ಹಳ್ಳಿಯೊಂದರ ಕೆರೆಯಂಗಳಕ್ಕೆ ಹೋಗಿ ಕೂರುವುದಾದರೆ ಅದನ್ನು ಗೆಲುವೆನ್ನಲು ಬಾರದು. ನಮಗೆ ಬೇಡವಾದ ಹೊಗೆ ಅವರಿಗೂ ಬೇಡ. ಎಲ್ಲಿಯೂ ಬೇಡ ಎನ್ನುವ ಬದಲು, ಯಾವ ವರ್ಗದ ಉದ್ಯಮ ಎಷ್ಟು ಅಂತರದಲ್ಲಿ ಯಾವ ಷರತ್ತಿಗೆ ಒಳಪಟ್ಟು ಬರಬಹುದು ಎಂದು ಬರೆದುಕೊಡುವ ಆಕ್ಷೇಪಣೆಗೆ ಹೆಚ್ಚು ತೂಕವಿರುತ್ತದೆ. ಒಂದೇ ಮಾದರಿಯ ನೂರು ಪತ್ರಗಳಿಗಿಂತ ಬಾವಿಯ ಬಗ್ಗೆ ಕೇಳಿದ ಒಂದು ಪ್ರಶ್ನೆ ದೊಡ್ಡದು.

ಸರ್ಕಾರ ಮಾಡಬಹುದಾದ ಕೆಲಸಗಳು ದುಬಾರಿಯಲ್ಲ. ಮೊದಲನೆಯದಾಗಿ, ಪ್ರಕಟಣೆಯನ್ನು ಪತ್ರಿಕೆಯಲ್ಲಿ ಹಾಕಿದರೆ ಸಾಲದು. ಜಮೀನಿನ ಮುಂದೆ, ಪಕ್ಕದ ಬಡಾವಣೆಯಲ್ಲಿ, ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕನ್ನಡದಲ್ಲಿ ಫಲಕ ನಿಲ್ಲಿಸಬೇಕು. ಚಕ್ಕುಬಂದಿಯ ಜೊತೆಗೆ ಎಲ್ಲರಿಗೂ ಅರ್ಥವಾಗುವ ಗುರುತು ಇರಬೇಕು. ಎರಡನೆಯದಾಗಿ, ಬರಲಿರುವ ಉದ್ಯಮದ ವರ್ಗವನ್ನು ತಿಳಿಸಬೇಕು. ಆ ವರ್ಗ ಮುಂದೆ ಬದಲಾದರೆ ಹೊಸದಾಗಿ ಆಕ್ಷೇಪಣೆ ಕರೆಯಬೇಕು. ಮೂರನೆಯದಾಗಿ, ಬದಲಾವಣೆಗೆ ಮುನ್ನವೇ ಸುತ್ತಲಿನ ಬಾವಿ, ಕೊಳವೆಬಾವಿ, ಕೆರೆಯ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಸಾರ್ವಜನಿಕ ದಾಖಲೆಯಾಗಿಡಬೇಕು. ಪ್ರಾಮಾಣಿಕ ಉದ್ಯಮಿಗೂ ಇದು ರಕ್ಷಣೆ. ತಾನು ಮಾಡದ ತಪ್ಪು ಅವನ ತಲೆಗೆ ಬರುವುದಿಲ್ಲ. ನಾಲ್ಕನೆಯದಾಗಿ, ಎರಡು ವಲಯಗಳ ನಡುವೆ ಹಸಿರು ಅಂತರ ಕಡ್ಡಾಯವಾಗಬೇಕು, ಮತ್ತು ಆ ಅಂತರದೊಳಗೆ ನಾಳೆ ಲೇಔಟಿಗೂ ಅನುಮತಿ ಸಿಗಬಾರದು. ಕೊನೆಯದಾಗಿ, ಪ್ರತಿಯೊಬ್ಬ ಆಕ್ಷೇಪಣಾದಾರನಿಗೂ ಕಾರಣ ಸಹಿತವಾದ ಹಿಂಬರಹ ಹೋಗಬೇಕು. ‘ಪರಿಶೀಲಿಸಲಾಗಿದೆ’ ಎಂಬ ಒಂದು ಪದ ಉತ್ತರವಾಗದು.

ಇದೆಲ್ಲಕ್ಕೂ ಬುನಾದಿ ಕಾಲಕಾಲಕ್ಕೆ ಪರಿಷ್ಕೃತವಾಗುವ ಮಹಾಯೋಜನೆ. ಬೆಂಗಳೂರಿಗೆ 2007ರಲ್ಲಿ ಜಾರಿಗೆ ಬಂದ ಯೋಜನೆ 2015ರ ವರೆಗಿನದು. ಅವಧಿ ಮುಗಿದು ವರ್ಷಗಳೇ ಕಳೆದರೂ ಅದೇ ಮುಂದುವರಿಯಿತು. 2031ಕ್ಕೆಂದು ರೂಪಿಸಿದ ಕರಡು 2017ರಲ್ಲಿ ಪ್ರಕಟವಾಗಿ ಬಳಿಕ ಹಿಂಪಡೆಯಲ್ಪಟ್ಟಿತು. ಹಳೆಯ ನಕ್ಷೆ ನಗರದ ಬೆಳವಣಿಗೆಗೆ ಸಾಲದೆ ಹೋದಾಗ ಒಂದೊಂದೇ ಸರ್ವೆ ನಂಬರಿನ ಬಣ್ಣ ಬದಲಾಯಿಸುವುದು ಅನಿವಾರ್ಯವೆನಿಸುತ್ತದೆ. ವಿನಾಯಿತಿಯಾಗಬೇಕಾದುದು ಹೀಗೆ ಪದ್ಧತಿಯಾಗುತ್ತದೆ. ಇಡೀ ನಗರವನ್ನು ಮುಂದಿಟ್ಟುಕೊಂಡು ಕೈಗಾರಿಕೆಗೆ ಎಲ್ಲಿ ಜಾಗವೆಂದು ತೀರ್ಮಾನಿಸಿದರೆ ಬಿಡಿ ಬಿಡಿ ಜಗಳಗಳು ಅರ್ಧಕ್ಕರ್ಧ ಕಡಿಮೆಯಾದಾವು.

ನಿವೃತ್ತನಾದ ಮೇಲೆ ನಾನೂ ಒಂದು ಬಡಾವಣೆಯ ನಿವಾಸಿ. ಈಗ ಆ ಸಣ್ಣ ಅಕ್ಷರದ ಪ್ರಕಟಣೆಗಳನ್ನು ತಪ್ಪದೆ ಓದುತ್ತೇನೆ. ನಾಳೆ ನಾನೊಂದು ಆಕ್ಷೇಪಣೆ ಬರೆದರೆ, ಯಾವುದೋ ಕಚೇರಿಯಲ್ಲಿ ಕುಳಿತ ಕಿರಿಯ ಅಧಿಕಾರಿಯೊಬ್ಬ ಸಿದ್ಧವಾದ ಟಿಪ್ಪಣಿಗೆ ಸಹಿ ಹಾಕುವ ಮುನ್ನ ಒಮ್ಮೆ ಸ್ಥಳಕ್ಕೆ ಹೋಗಿ, ಇಳಿಜಾರು ಯಾವ ಕಡೆಗಿದೆ ಎಂದು ನೋಡಿ ಬರಲಿ ಎಂಬುದಷ್ಟೇ ನನ್ನ ನಿರೀಕ್ಷೆ. ಅದಕ್ಕೆ ಅರ್ಧ ದಿನ ಸಾಕು. ನಾನು ಆ ಅರ್ಧ ದಿನವನ್ನು ಕೊಟ್ಟಿರಲಿಲ್ಲ.